ಕಂದು ರೋಗ: ನೂರಕ್ಕೆ ಎಷ್ಟು ಎಂದು ಕೇಳುವ ಮುನ್ನ

ಮಾನ್ಯ ಸಂಪಾದಕರೇ,

ಏಳೆಂಟು ತಿಂಗಳ ಗಬ್ಬದ ಹಸು ಕಂದು ಹಾಕಿದರೆ, ಅಂದರೆ ಗರ್ಭಪಾತವಾದರೆ, ಊರಿನಲ್ಲಿ ಮೊದಲು ಕೇಳುವ ಮಾತು ‘ಜಾರಿ ಬಿದ್ದಿರಬೇಕು’, ‘ಯಾವುದೋ ದನ ಹಾದಿರಬೇಕು’, ಇಲ್ಲವೇ ‘ದೃಷ್ಟಿ ತಾಗಿದೆ’. ಕಂದು ರೋಗ (ಬ್ರುಸೆಲ್ಲೋಸಿಸ್) ತರುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಹೆಸರು ಬರುವುದು ಅದೇ ಕೊಟ್ಟಿಗೆಯಲ್ಲಿ ಎರಡನೆಯದೋ ಮೂರನೆಯದೋ ಹಸು ಕಂದು ಹಾಕಿದ ಮೇಲೆ. ಪತ್ರಿಕೆಗಳಲ್ಲಿ ಈ ರೋಗದ ಸುದ್ದಿ ಬಂದಾಗಲೂ ‘ನೂರಕ್ಕೆ ಇಷ್ಟು ದನಗಳಲ್ಲಿ ಸೋಂಕು’ ಎಂಬ ಒಂದು ಅಂಕಿ ಕಾಣಿಸಿಕೊಂಡು ಮರೆಯಾಗುತ್ತದೆ. ಆ ಅಂಕಿ ಹೇಗೆ ಹುಟ್ಟುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ, ನಮ್ಮ ರಾಜ್ಯದಲ್ಲಿ ಅದನ್ನು ಕಡಿಮೆ ಖರ್ಚಿನಲ್ಲಿ ಸರಿಯಾಗಿ ಪಡೆಯುವ ದಾರಿ ಯಾವುದು ಎಂಬುದನ್ನು ಹೇಳಲು ಈ ಪತ್ರ.

ಹೆಚ್ಚಾಗಿ ಉಲ್ಲೇಖವಾಗುವ ಹಳೆಯ ಸಮೀಕ್ಷೆಯೊಂದಿದೆ. 1998ರಲ್ಲಿ ಪ್ರಕಟವಾದ ಅದರಲ್ಲಿ 23 ರಾಜ್ಯಗಳ ಮೂವತ್ತು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಲಾಗಿತ್ತು. ದನಗಳಲ್ಲಿ ಶೇ 1.9, ಎಮ್ಮೆಗಳಲ್ಲಿ ಶೇ 1.8 ಸೋಂಕು ಕಂಡಿತ್ತು. ಎರಡೂ ಸಣ್ಣ ಅಂಕಿಗಳೇ. ಆದರೆ 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಇರುವುದು ಸುಮಾರು 85 ಲಕ್ಷ ದನ, 30 ಲಕ್ಷ ಎಮ್ಮೆ. ಆ ಹಳೆಯ ಪ್ರಮಾಣವನ್ನೇ ಹಿಡಿದು ಲೆಕ್ಕ ಹಾಕಿದರೂ ಸೋಂಕಿತ ಪ್ರಾಣಿಗಳ ಸಂಖ್ಯೆ ಎರಡು ಲಕ್ಷ ದಾಟುತ್ತದೆ. ಇದು ಇವತ್ತಿನ ಅಂದಾಜಲ್ಲ, ಸಣ್ಣ ಶೇಕಡಾವಾರಿನ ಹಿಂದೆ ಎಷ್ಟು ದೊಡ್ಡ ಸಂಖ್ಯೆ ಅಡಗಿರುತ್ತದೆ ಎಂಬುದಕ್ಕೆ ಉದಾಹರಣೆ ಅಷ್ಟೇ.

ಸರಾಸರಿಯ ತೊಂದರೆ ಇನ್ನೊಂದು. ನೂರು ಮನೆ, ಮುನ್ನೂರು ಹಸು ಇರುವ ಒಂದು ಊರು ಎಂದಿಟ್ಟುಕೊಳ್ಳಿ. ಆರು ಹಸುಗಳಿಗೆ ಸೋಂಕು, ಅಂದರೆ ಶೇ 2. ಆ ಆರೂ ಆರು ಬೇರೆ ಮನೆಗಳಲ್ಲಿದ್ದರೆ ರೋಗ ಸಂತೆಯಿಂದಲೋ ಊರಿನ ಹೋರಿಯಿಂದಲೋ ಬರುತ್ತಿದೆ ಎಂದು ಹುಡುಕಬೇಕು. ಆರೂ ಇಪ್ಪತ್ತು ಹಸುಗಳ ಒಂದೇ ಕೊಟ್ಟಿಗೆಯಲ್ಲಿದ್ದರೆ ಆ ಕೊಟ್ಟಿಗೆಯ ಬಾಗಿಲು ಮುಚ್ಚಿ ಕೆಲಸ ಮಾಡಬೇಕು. ಅಂಕಿ ಒಂದೇ, ಮಾಡಬೇಕಾದ ಕೆಲಸ ಬೇರೆ. ಒತ್ತೊತ್ತಾಗಿ ಕಟ್ಟುವ, ಹೊರಗಿನಿಂದ ಆಗಾಗ ಹಸು ಕೊಂಡು ತರುವ ದೊಡ್ಡ ಕೊಟ್ಟಿಗೆಗಳಲ್ಲಿ ಪ್ರಮಾಣ ಹೆಚ್ಚಿರುವುದು, ಮೂರ್ನಾಲ್ಕು ರಾಸು ಸಾಕುವ ಮನೆಗಳಲ್ಲಿ ಕಡಿಮೆ ಇರುವುದು ದೇಶದ ಹಲವು ಸಮೀಕ್ಷೆಗಳಲ್ಲಿ ಕಂಡಿದೆ. ಹಾಗಾಗಿ ‘ನೂರು ಹಸುಗಳಲ್ಲಿ ಎಷ್ಟು’ ಎನ್ನುವುದಕ್ಕಿಂತ ‘ನೂರು ಕೊಟ್ಟಿಗೆಗಳಲ್ಲಿ ಎಷ್ಟು, ನೂರು ಊರುಗಳಲ್ಲಿ ಎಷ್ಟು’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ರೋಗ ಹರಡುವ ಬಗೆಯೇ ಇದಕ್ಕೆ ಕಾರಣ. ದನಗಳಲ್ಲಿ ಈ ರೋಗ ತರುವ ಬ್ರುಸೆಲ್ಲಾ ಅಬಾರ್ಟಸ್ ಗಬ್ಬದ ಕೊನೆಯ ಮೂರ್ನಾಲ್ಕು ತಿಂಗಳಲ್ಲಿ ಮಾಸಿನಲ್ಲಿ (ಕರುವಿನ ಬಳಿಕ ಬೀಳುವ ಗರ್ಭದ ಪೊರೆ) ವಿಪರೀತ ಬೆಳೆಯುತ್ತದೆ. ಅಲ್ಲಿರುವ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಅದಕ್ಕೆ ಬಲು ಪ್ರಿಯ. ಕಂದು ಬಿದ್ದ ದಿನ ಹೊರಬರುವ ನೀರು, ಮಾಸು, ಸತ್ತ ಕರು ಎಲ್ಲವೂ ಬ್ಯಾಕ್ಟೀರಿಯಾದ ರಾಶಿ. ಬಳಿಕವೂ ಎರಡು ಮೂರು ವಾರ ಯೋನಿಯಿಂದ ಒಸರುತ್ತಲೇ ಇರುತ್ತದೆ. ಪಕ್ಕದ ಹಸು ಅದನ್ನು ನೆಕ್ಕಿದರೆ, ಅದು ತಾಗಿದ ಮೇವು ತಿಂದರೆ ಸಾಕು. ನೇರ ಬಿಸಿಲಿನಲ್ಲಿ ಈ ಜೀವಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ನೆರಳು, ತೇವ, ಸಗಣಿಯ ಗುಂಡಿ ಸಿಕ್ಕರೆ ತಿಂಗಳುಗಟ್ಟಲೆ ಬದುಕುತ್ತದೆ.

ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಬಹುಪಾಲು ಸರಿಯಾಗಿಯೇ ಈಯುತ್ತದೆ. ಮೋಸ ಇರುವುದು ಇಲ್ಲೇ. ಹಸು ಗುಣವಾಯಿತೆಂದು ಮಾಲೀಕ ನಂಬುತ್ತಾನೆ. ಅದು ಮಾತ್ರ ಪ್ರತಿ ಈಯುವಿಕೆಯಲ್ಲೂ ಹಾಲಿನಲ್ಲೂ ಬ್ಯಾಕ್ಟೀರಿಯಾವನ್ನು ಹೊರಹಾಕುತ್ತಿರಬಹುದು. ಕಂದು ಹಾಕಿದ ಹಸುಗಳನ್ನಷ್ಟೇ ಎಣಿಸಿದರೆ ರೋಗದ ಒಂದು ಚೂರನ್ನು ಎಣಿಸಿದಂತೆ.

ಇನ್ನು ಪರೀಕ್ಷೆಗಳು. ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ಆಗುವುದು ರೋಸ್ ಬೆಂಗಾಲ್ ಪರೀಕ್ಷೆ. ಗುಲಾಬಿ ಬಣ್ಣದ ಆ್ಯಂಟಿಜೆನ್ (ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ಕಣಗಳ ದ್ರಾವಣ) 30 ಮೈಕ್ರೋಲೀಟರ್, ರಕ್ತದ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ ದ್ರವ) 30 ಮೈಕ್ರೋಲೀಟರ್ ಬಿಳಿ ಬಿಲ್ಲೆಯ ಮೇಲೆ ಕಲಸಿ, ನಾಲ್ಕು ನಿಮಿಷ ನಿಧಾನವಾಗಿ ಓಲಾಡಿಸಿ ನೋಡಬೇಕು. ಹೆಪ್ಪುಹೆಪ್ಪಾಗಿ ಒಡೆದರೆ ಪಾಸಿಟಿವ್. ಫ್ರಿಜ್‌ನಿಂದ ತೆಗೆದ ಆ್ಯಂಟಿಜೆನ್ ಕೋಣೆಯ ಉಷ್ಣಾಂಶಕ್ಕೆ ಬರುವ ಮೊದಲೇ ಬಳಸಿದರೆ ಫಲಿತಾಂಶ ಕೆಡುತ್ತದೆ. ನಾಲ್ಕು ನಿಮಿಷ ಮೀರಿ ನೋಡಿದರೆ ಅಂಚು ಒಣಗಿ ಸುಳ್ಳು ಹೆಪ್ಪು ಕಾಣುತ್ತದೆ. ಇದಕ್ಕೂ ಮೊದಲೇ ಕೆಡುವುದು ಸೀರಂ. ರಕ್ತವನ್ನು ಹೆಪ್ಪು ತಡೆಯುವ ಔಷಧ ಇಲ್ಲದ ಟ್ಯೂಬಿನಲ್ಲಿ ತೆಗೆದು, ಓರೆಯಾಗಿಟ್ಟು, ನೆರಳಿನಲ್ಲಿ ಹೆಪ್ಪುಗಟ್ಟಲು ಬಿಡಬೇಕು. ಬೈಕಿನ ಡಿಕ್ಕಿಯಲ್ಲಿ ಕುಲುಕಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಬಂದ ಟ್ಯೂಬಿನಲ್ಲಿ ರಕ್ತಕಣ ಒಡೆದು ಸೀರಂ ಕೆಂಪಾಗಿರುತ್ತದೆ. ಅದನ್ನು ಓದುವುದು ಕಷ್ಟ.

ಪರೀಕ್ಷೆ ಎಷ್ಟೇ ಸರಿಯಾಗಿ ಆಗಲಿ, ಕಡಿಮೆ ಪ್ರಮಾಣದ ರೋಗದಲ್ಲಿ ಒಂದು ಲೆಕ್ಕದ ಗುದ್ದು ತಪ್ಪಿದ್ದಲ್ಲ. ಸಾವಿರ ಹಸುಗಳಲ್ಲಿ ನಿಜವಾಗಿ ರೋಗ ಇರುವುದು 20ಕ್ಕೆ ಎಂದುಕೊಳ್ಳಿ. ಪರೀಕ್ಷೆ ರೋಗವಿರುವ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ, ರೋಗವಿಲ್ಲದ ನೂರರಲ್ಲಿ ಎರಡನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದುಕೊಳ್ಳಿ. ಆಗ ನಿಜವಾದ ಪಾಸಿಟಿವ್ 18. ಉಳಿದ 980 ಹಸುಗಳಲ್ಲಿ ಸುಳ್ಳು ಪಾಸಿಟಿವ್ ಸುಮಾರು 20. ವರದಿಯಲ್ಲಿ ‘ಶೇ 3.8’ ಎಂದು ಬರುತ್ತದೆ, ಅರ್ಧಕ್ಕಿಂತ ಹೆಚ್ಚು ತಪ್ಪು. ಅದಕ್ಕೇ ರೋಸ್ ಬೆಂಗಾಲ್‌ನಲ್ಲಿ ಪಾಸಿಟಿವ್ ಬಂದವನ್ನು ಮತ್ತೊಮ್ಮೆ ಎಲೈಸಾದಂಥ ಬೇರೆ ಪರೀಕ್ಷೆಗೆ ಒಡ್ಡದೆ ಪ್ರಮಾಣ ಹೇಳಬಾರದು. ಪಶುರೋಗಗಳ ಅಧ್ಯಯನಕ್ಕೆಂದೇ ಇರುವ ಯೆಲಹಂಕದ ರಾಷ್ಟ್ರೀಯ ಸಂಸ್ಥೆ ನಿವೇದಿ, ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ಪ್ರಯೋಗಾಲಯಗಳು ನಮ್ಮ ರಾಜ್ಯದಲ್ಲೇ ಇವೆ.

ಇದರ ಮಗ್ಗುಲು ಇನ್ನೊಂದಿದೆ: ‘ನಮ್ಮ ಊರಿನಲ್ಲಿ ಇಲ್ಲ’ ಎಂದು ಹೇಳಲು ಎಷ್ಟು ಹಸು ಪರೀಕ್ಷಿಸಬೇಕು? ಮೋಟುಲೆಕ್ಕ ಹೀಗಿದೆ. ಚೀಟಿ ಎತ್ತಿದಂತೆ ಆಯ್ದ 150 ಹಸುಗಳನ್ನು ಪರೀಕ್ಷಿಸಿ ಒಂದೂ ಸಿಗದಿದ್ದರೆ ಪ್ರಮಾಣ ಶೇ 2ಕ್ಕಿಂತ ಕಡಿಮೆ ಎಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. 30 ಹಸು ನೋಡಿ ಒಂದೂ ಸಿಗದಿದ್ದರೆ ಹೇಳಬಹುದಾದದ್ದು ‘ಶೇ 10ಕ್ಕಿಂತ ಕಡಿಮೆ’ ಎಂದಷ್ಟೇ. ಹತ್ತು ಹಸು ನೋಡಿ ‘ರೋಗಮುಕ್ತ ಗ್ರಾಮ’ ಎಂದು ಫಲಕ ಹಾಕುವುದು ಬೇಡ. ಅದರಲ್ಲೂ ಆಸ್ಪತ್ರೆಗೆ ತಂದ ಹಸುಗಳನ್ನೇ ಆರಿಸಿಕೊಂಡರೆ ಈ ಲೆಕ್ಕವೂ ನಿಲ್ಲದು.

ಕೊಂಡು ತರುವವರಿಗೂ ಇದೇ ಎಚ್ಚರ ಬೇಕು. ಈ ಪರೀಕ್ಷೆಗಳು ಹುಡುಕುವುದು ಪ್ರತಿಕಾಯವನ್ನು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತುವನ್ನು. ಸೋಂಕು ತಗಲಿದ ಮೇಲೆ ರಕ್ತದಲ್ಲಿ ಅದು ಕಾಣಲು ಕೆಲವು ವಾರಗಳು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಈಯುವ ಆಸುಪಾಸಿನಲ್ಲಿ ಪ್ರತಿಕಾಯ ಗಿಣ್ಣುಹಾಲಿಗೆ ಇಳಿದು, ರಕ್ತದಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಸಂತೆಯಿಂದ ತಂದ ಹಸುವನ್ನು ಬೇರೆ ಕಟ್ಟಿ 30ರಿಂದ 60 ದಿನದ ಬಳಿಕ, ಗಬ್ಬದ್ದಾದರೆ ಈದು ಎರಡು ಮೂರು ವಾರವಾದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಸೋಂಕಿತ ತಾಯಿಗೆ ಹುಟ್ಟಿದ ಕೆಲವು ಹೆಣ್ಣುಗರುಗಳು ಪರೀಕ್ಷೆಗೆ ಸಿಗದೆ ಬೆಳೆದು, ಮೊದಲ ಈಯುವಿಕೆಯಲ್ಲಿ ರೋಗ ತೋರಿಸುವುದೂ ಉಂಟು. ದನದ ಜತೆಗೆ ಕುರಿ-ಮೇಕೆ ಸಾಕುವ ಮನೆಗಳಲ್ಲಿ ಅವುಗಳನ್ನೂ ಬಿಡದೆ ನೋಡಬೇಕು, ಅವುಗಳ ಬ್ರುಸೆಲ್ಲಾ ಮೆಲಿಟೆನ್ಸಿಸ್ ದನಕ್ಕೂ ದಾಟಬಲ್ಲದು, ಮನುಷ್ಯರಲ್ಲಿ ಹೆಚ್ಚು ಉಗ್ರ.

ಈಗ ಲಸಿಕೆ. 2019ರ ಸೆಪ್ಟೆಂಬರ್ 11ರಂದು ಮಥುರಾದಲ್ಲಿ ಪ್ರಧಾನಿ ಚಾಲನೆ ಕೊಟ್ಟ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜತೆಗೆ ಕಂದು ರೋಗವೂ ಸೇರಿದೆ. ವರ್ಷಕ್ಕೆ 3.6 ಕೋಟಿ ಹೆಣ್ಣುಗರುಗಳಿಗೆ, 4ರಿಂದ 8 ತಿಂಗಳ ವಯಸ್ಸಿನಲ್ಲಿ, ಜೀವಮಾನದಲ್ಲಿ ಒಂದೇ ಸಲ ಎಸ್-19 ಲಸಿಕೆ ಹಾಕುವುದು ಅದರ ಗುರಿ. ಒಳ್ಳೆಯ ಯೋಜನೆ. ಆದರೆ ಒಂದು ಸರಳ ಲೆಕ್ಕ ಗಮನಿಸಿ. ಕರು ಲಸಿಕೆಗೆ ಅರ್ಹವಾಗಿರುವುದು ನಾಲ್ಕೇ ತಿಂಗಳು. ವರ್ಷಕ್ಕೊಮ್ಮೆ ಶಿಬಿರ ನಡೆಸಿದರೆ ಮೂರರಲ್ಲಿ ಒಂದು ಕರು ಮಾತ್ರ ಆ ವಯಸ್ಸಿನಲ್ಲಿ ಸಿಗುತ್ತದೆ, ಉಳಿದ ಎರಡು ತೀರಾ ಚಿಕ್ಕವು ಇಲ್ಲವೇ ವಯಸ್ಸು ಮೀರಿದವು. ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೆ ಮೂರು ಸುತ್ತು ಹೋದರೆ ಎಲ್ಲ ಕರುಗಳೂ ಒಮ್ಮೆ ಸಿಗುತ್ತವೆ. ಕಾಲುಬಾಯಿ ಲಸಿಕೆಯ ಆರು ತಿಂಗಳ ಸುತ್ತಿಗೆ ಇದನ್ನು ಕಟ್ಟಿಹಾಕಿದರೂ ಮೂರನೇ ಒಂದು ಭಾಗ ತಪ್ಪಿಹೋಗುತ್ತದೆ.

ಎಸ್-19 ಜೀವಂತ ಲಸಿಕೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಜತೆಗೆ ಬಂದ ದ್ರಾವಣದಲ್ಲಿ ಕರಗಿಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟುಕೊಂಡೇ ಬೇಗ ಮುಗಿಸಬೇಕು. ಸಾಮಾನ್ಯವಾಗಿ 2 ಮಿಲಿಲೀಟರ್, ಚರ್ಮದಡಿ. ಸೀಸೆಯಲ್ಲಿ ಹಲವು ಡೋಸ್ ಇರುವುದರಿಂದ, ತೆರೆದ ಸೀಸೆ ಹಾಳಾಗಬಾರದೆಂದು ಹನ್ನೊಂದು ತಿಂಗಳ ಕಡಸಿಗೂ ಚುಚ್ಚುವ ಆಸೆ ಹುಟ್ಟುತ್ತದೆ. ಉಳಿತಾಯ ಅನ್ನಿಸುವ ಈ ಕೆಲಸ ಮುಂದಿನ ಎಲ್ಲ ಸಮೀಕ್ಷೆಗಳಿಗೂ ಕಲ್ಲು ಹಾಕುತ್ತದೆ. ಎಂಟು ತಿಂಗಳೊಳಗೆ ಲಸಿಕೆ ಪಡೆದ ಕರುವಿನ ಪ್ರತಿಕಾಯ ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಬಹುಮಟ್ಟಿಗೆ ಇಳಿಯುತ್ತದೆ. ವಯಸ್ಸು ಮೀರಿ ಹಾಕಿದರೆ ವರ್ಷಗಟ್ಟಲೆ ಉಳಿಯಬಹುದು. ರೋಸ್ ಬೆಂಗಾಲ್ ಪರೀಕ್ಷೆಗೆ ರೋಗದ ಪ್ರತಿಕಾಯ, ಲಸಿಕೆಯ ಪ್ರತಿಕಾಯ ಎರಡೂ ಒಂದೇ. ಗಬ್ಬದ ಹಸುವಿಗೆ ಹಾಕಿದರೆ ಕಂದು ಬೀಳಬಹುದು. ಹೋರಿಗರುವಿಗೆ ಹಾಕಿದರೆ ವೃಷಣ ಊದಬಹುದು, ಗಂಡಿಗೆ ಹಾಕಲೇಬಾರದು.

ವಯಸ್ಸು ತಿಳಿಯುವುದು ಹೇಗೆ? ಹಲ್ಲು ನೋಡಿ ಪ್ರಯೋಜನವಿಲ್ಲ. ಆರು ತಿಂಗಳ ಕರುವಿಗೂ ಹನ್ನೊಂದು ತಿಂಗಳದಕ್ಕೂ ಹಾಲುಹಲ್ಲೇ, ಮೊದಲ ಜೋಡಿ ಶಾಶ್ವತ ಹಲ್ಲು ಬರುವುದು ದನದಲ್ಲಿ ಎರಡು ವರ್ಷದ ಹೊತ್ತಿಗೆ, ಎಮ್ಮೆಯಲ್ಲಿ ಇನ್ನೂ ತಡವಾಗಿ. ಹುಟ್ಟಿದ ದಿನಾಂಕ ಬರೆದಿಟ್ಟುಕೊಂಡಿರಬೇಕು, ಅಷ್ಟೇ. ತಾಯಿಯ ಕಿವಿಯಲ್ಲಿರುವ 12 ಅಂಕಿಗಳ ಬಿಲ್ಲೆಯ ಜತೆಗೆ ಕರು ಹುಟ್ಟಿದ ದಿನವೂ ದಾಖಲಾದರೆ, ಯಾವ ಮನೆಯಲ್ಲಿ ಯಾವ ಕರು ಯಾವ ವಾರ ನಾಲ್ಕು ತಿಂಗಳು ತುಂಬುತ್ತದೆ ಎಂಬ ಪಟ್ಟಿ ಫೋನಿನಲ್ಲೇ ಸಿಗುತ್ತದೆ.

ಲಸಿಕೆ ಹಾಕುವ ಕೈಗಳಿಗೊಂದು ಮಾತು. ಇದು ಮನುಷ್ಯರಿಗೂ ಸೋಂಕು ತರಬಲ್ಲ ಲಸಿಕೆ. ಕೈಗವಸು, ಕನ್ನಡಕ ಇಲ್ಲದೆ ಸೀಸೆ ತೆರೆಯಬಾರದು, ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಸೂಜಿ ಚುಚ್ಚಿಕೊಂಡರೆ ಅಥವಾ ಕಣ್ಣಿಗೆ ಸಿಡಿದರೆ ಚೆನ್ನಾಗಿ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು, ‘ಎಸ್-19’ ಎಂಬ ಹೆಸರನ್ನೇ ಹೇಳಬೇಕು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜತೆಗೆ ರಿಫಾಂಪಿಸಿನ್ ಅನ್ನು ಮೂರು ವಾರ ಕೊಡುತ್ತಾರೆ. ಖಾಲಿ ಸೀಸೆಗಳನ್ನು ಹಿತ್ತಲಿಗೆ ಎಸೆಯುವುದು ಬೇಡ.

ನಮ್ಮ ಮುಖ್ಯ ಸಲಹೆ ಹಾಲಿನದು. ರಾಜ್ಯದ ಸಾವಿರಾರು ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಲ್ಲಿ ದಿನಕ್ಕೆ ಎರಡು ಸಲ, ಮನೆಮನೆಯ ಹಾಲಿನ ಮಾದರಿಯನ್ನು ಜಿಡ್ಡಿನಂಶಕ್ಕಾಗಿ ತೆಗೆಯುತ್ತಲೇ ಇದ್ದಾರೆ. ರಕ್ತಕ್ಕಾಗಿ ಹಸು ಹಿಡಿಯುವ, ಸೂಜಿ ಚುಚ್ಚುವ ಕೆಲಸವಿಲ್ಲದೆ ಊರಿನ ಸ್ಥಿತಿ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಹಾಲಿನ ಉಂಗುರ ಪರೀಕ್ಷೆ ಎಂದು ಒಂದಿದೆ. ಸಂಘದ ಒಟ್ಟು ಹಾಲಿನಿಂದ 1 ಮಿಲಿಲೀಟರ್ ಅನ್ನು ಕಿರಿದಾದ ಟ್ಯೂಬಿಗೆ ಹಾಕಿ, ನೀಲಿ ಬಣ್ಣದ ಬ್ರುಸೆಲ್ಲಾ ಆ್ಯಂಟಿಜೆನ್ ಒಂದು ಹನಿ (0.03ರಿಂದ 0.05 ಮಿಲಿಲೀಟರ್) ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಡಬೇಕು. ಹಾಲಿನಲ್ಲಿ ಪ್ರತಿಕಾಯ ಇದ್ದರೆ ಅದು ನೀಲಿ ಕಣಗಳನ್ನು ಜಿಡ್ಡಿಗೆ ಅಂಟಿಸಿ ಮೇಲಕ್ಕೆ ಒಯ್ಯುತ್ತದೆ: ಕೆನೆಯ ಉಂಗುರ ನೀಲಿ, ಕೆಳಗಿನ ಹಾಲು ಬಿಳಿ. ಪ್ರತಿಕಾಯ ಇಲ್ಲದಿದ್ದರೆ ಕೆನೆ ಬಿಳಿ, ಹಾಲು ನೀಲಿ.

ಕೆಡುವ ಕಡೆಗಳೂ ಇವೆ. ಹಾಲನ್ನು ಹೆಪ್ಪುಗಟ್ಟಿಸಬಾರದು, ಕಾಯಿಸಬಾರದು, ಜೋರಾಗಿ ಕುಲುಕಬಾರದು, 72 ಗಂಟೆ ಮೀರಿಸಬಾರದು. ಗಿಣ್ಣುಹಾಲು, ಕೆಚ್ಚಲು ಬಾವಿನ ಹಾಲು, ಬತ್ತುತ್ತಿರುವ ಹಸುವಿನ ಹಾಲು ಸೇರಿದರೆ ಸುಳ್ಳು ಪಾಸಿಟಿವ್ ಬರಬಹುದು. ಒಂದು ಸಂಘದಲ್ಲಿ 150ಕ್ಕಿಂತ ಹೆಚ್ಚು ಹಸುಗಳ ಹಾಲು ಸೇರುತ್ತಿದ್ದರೆ ಒಂದು ಸೋಂಕಿತ ಹಸುವಿನ ಹಾಲು ತೆಳುವಾಗಿ ತಪ್ಪಿಹೋಗುತ್ತದೆ. ಆಗ 2 ಮಿಲಿಲೀಟರ್ ಹಾಲು ತೆಗೆದುಕೊಳ್ಳಬೇಕು, ಇಲ್ಲವೇ ಹೆಚ್ಚು ಸೂಕ್ಷ್ಮವಾದ ಹಾಲಿನ ಎಲೈಸಾ ಮಾಡಬೇಕು. ಹಲವು ಊರುಗಳ ಹಾಲು ಕೂಡುವ ಶೀತಲೀಕರಣ ಘಟಕದ ತೊಟ್ಟಿಯಿಂದ ಮಾದರಿ ತೆಗೆಯುವುದಂತೂ ವ್ಯರ್ಥ, ಸಂಘದ ಕ್ಯಾನಿನಲ್ಲೇ ತೆಗೆಯಬೇಕು. ಬತ್ತಿದ ಹಸು, ಗಬ್ಬದ ಕಡಸು, ಹೋರಿ ಇದರಲ್ಲಿ ಬರುವುದಿಲ್ಲ. ಅದಕ್ಕೆ ವರ್ಷಕ್ಕೆ ಮೂರು ನಾಲ್ಕು ಸಲ ಮಾಡಬೇಕು, ಬತ್ತಿದ್ದು ಈದು ಹಾಲಿಗೆ ಬಂದಾಗ ಬಲೆಗೆ ಬೀಳುತ್ತದೆ. ಸಂಘದ ಹಾಲು ಎರಡು ಸಲ ಪಾಸಿಟಿವ್ ಬಂದರೆ ಸದಸ್ಯರ ಹಾಲನ್ನು ಬೇರೆಬೇರೆಯಾಗಿ, ಅದರಲ್ಲಿ ಸಿಕ್ಕ ಮನೆಗಳ ಎಲ್ಲ ರಾಸುಗಳ ರಕ್ತವನ್ನು ನೋಡಬೇಕು. ಸಾವಿರ ಹಸುಗಳ ರಕ್ತ ತೆಗೆಯುವ ಕಡೆ ಐವತ್ತರಲ್ಲಿ ಮುಗಿಯಬಹುದು.

ಗ್ರಾಹಕರು ಇದನ್ನು ಓದಿ ಹೆದರಬೇಕಿಲ್ಲ. ಪ್ಯಾಕೆಟ್ ಹಾಲಿನ ಪಾಶ್ಚರೀಕರಣದಲ್ಲಿ (72 ಡಿಗ್ರಿ, 15 ಸೆಕೆಂಡ್) ಬ್ರುಸೆಲ್ಲಾ ಸಾಯುತ್ತದೆ, ಮನೆಯಲ್ಲಿ ಉಕ್ಕಿಸಿದರೂ ಸಾಯುತ್ತದೆ. ನಮ್ಮಲ್ಲಿ ಹಾಲು ಕಾಯಿಸದೆ ಕುಡಿಯುವ ರೂಢಿ ಕಡಿಮೆ ಇರುವುದು ದೊಡ್ಡ ರಕ್ಷಣೆ. ‘ಹಸಿ ಹಾಲೇ ಶ್ರೇಷ್ಠ’ ಎಂಬ ಹೊಸ ಪಟ್ಟಣದ ಫ್ಯಾಷನ್ ಮಾತ್ರ ಈ ರಕ್ಷಣೆಯನ್ನು ಕೈಯಾರೆ ಕಿತ್ತೆಸೆಯುತ್ತಿದೆ. ನಿಜವಾದ ಅಪಾಯ ಬರಿಗೈಯಲ್ಲಿ ಕರು ಎಳೆಯುವವರಿಗೆ, ಬೀಳದ ಮಾಸನ್ನು ಕೈಹಾಕಿ ತೆಗೆಯುವವರಿಗೆ, ಹಾಲು ಕರೆಯುವವರಿಗೆ, ಪಶುವೈದ್ಯ ಸಿಬ್ಬಂದಿಗೆ. ಬಂದುಹೋಗುವ ಜ್ವರ, ರಾತ್ರಿ ಬೆವರು, ಸೊಂಟ-ಕೀಲು ನೋವು, ಗಂಡಸರಲ್ಲಿ ವೃಷಣದ ಊತ ಇದರ ಗುರುತು. ಟೈಫಾಯ್ಡ್ ಎಂದು ಒಂದು ವಾರ ಮಾತ್ರೆ ತಿಂದು, ಬಿಟ್ಟು, ಮತ್ತೆ ಜ್ವರ ಬರುವ ರೋಗಿಯನ್ನು ‘ಮನೆಯಲ್ಲಿ ದನ ಇವೆಯೇ, ಯಾವುದಾದರೂ ಕಂದು ಹಾಕಿತ್ತೇ’ ಎಂದು ವೈದ್ಯರು ಕೇಳಿದರೆ ಅರ್ಧ ರೋಗನಿರ್ಣಯ ಆದಂತೆ. ಚಿಕಿತ್ಸೆ ಎರಡು ಔಷಧ ಸೇರಿಸಿ ಆರು ವಾರ, ನಡುವೆ ಬಿಟ್ಟರೆ ಮರುಕಳಿಸುತ್ತದೆ.

ಕಂದು ಬಿದ್ದ ದಿನ ಮಾಡಬೇಕಾದ್ದು ಇಷ್ಟು. ಹಸುವನ್ನು ಬೇರೆ ಕಟ್ಟಿ. ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಂಡು ಕಂದನ್ನೂ ಮಾಸನ್ನೂ ಚೀಲಕ್ಕೆ ಹಾಕಿ. ಪಶುವೈದ್ಯರು ಬರುವವರೆಗೆ ನಾಯಿ ಮುಟ್ಟದಂತೆ ನೆರಳಿನಲ್ಲಿಡಿ, ಏಕೆಂದರೆ ಕಂದಿನ ಹೊಟ್ಟೆಯೊಳಗಿನ ದ್ರವ, ಶ್ವಾಸಕೋಶ, ಗುಲ್ಮ ಇವೇ ಪ್ರಯೋಗಾಲಯಕ್ಕೆ ಬೇಕಾದ ಅತ್ಯುತ್ತಮ ಮಾದರಿ. ತಾಯಿಯ ರಕ್ತ ಮಾತ್ರ ತೆಗೆದುಕೊಂಡು ಹೋದರೆ ಕಾರಣ ಖಚಿತವಾಗದೆ ಉಳಿಯಬಹುದು. ಉಳಿದದ್ದನ್ನು ಐದಾರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ಬಾವಿ-ಕೆರೆಯಿಂದ ದೂರ. ನೆಲದ ಸಗಣಿ, ಹುಲ್ಲು ಮೊದಲು ತೆಗೆದು, ಬಳಿಕ ಶೇ 2ರ ಕಾಸ್ಟಿಕ್ ಸೋಡಾ ದ್ರಾವಣ (ಹತ್ತು ಲೀಟರ್ ನೀರಿಗೆ 200 ಗ್ರಾಂ, ಚರ್ಮ ಸುಡುತ್ತದೆ, ಎಚ್ಚರ) ಸುರಿಯಬೇಕು. ಸಗಣಿ ತೆಗೆಯದೆ ಸುರಿದರೆ ಔಷಧ ಸಗಣಿಯಲ್ಲೇ ಸತ್ತುಹೋಗುತ್ತದೆ. ಹಾಲು ಹೆಚ್ಚಲಿ ಎಂದು ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ನಮ್ಮ ಹಲವು ಊರುಗಳಲ್ಲಿದೆ. ಅದರ ಹಿಂದಿನ ಅಕ್ಕರೆ ಅರ್ಥವಾಗುತ್ತದೆ, ಆದರೆ ಕಾಗೆ-ನಾಯಿ ಎಳೆದಾಡಿ ಅದನ್ನು ಊರಿಗೆಲ್ಲ ಹಂಚುತ್ತವೆ. ಮರದ ಬುಡದಲ್ಲಿ ಆಳವಾಗಿ ಹೂತರೂ ಮರ್ಯಾದೆಗೆ ಕುಂದಿಲ್ಲ.

ಪಾಸಿಟಿವ್ ಬಂದ ಹಸುವಿನದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಬ್ಯಾಕ್ಟೀರಿಯಾ ಜೀವಕೋಶದೊಳಗೆ ಅಡಗಿರುವುದರಿಂದ ದನಗಳಲ್ಲಿ ಭರವಸೆಯ ಚಿಕಿತ್ಸೆ ಇಲ್ಲ. ಪರೀಕ್ಷಿಸಿ ಕೊಲ್ಲುವ ವಿದೇಶಿ ವಿಧಾನ ಇಲ್ಲಿ ನಡೆಯದು. ಪರಿಹಾರವೂ ಇಲ್ಲದಿದ್ದರೆ ಮಾಲೀಕ ಮಾಡುವುದು ಒಂದೇ: ಸುದ್ದಿ ಮುಚ್ಚಿಟ್ಟು ಮುಂದಿನ ಸಂತೆಗೆ ಹೊಡೆಯುವುದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ ಅಧಿಸೂಚಿತ ರೋಗದ ಅನುಮಾನ ಬಂದರೆ ಮಾಲೀಕ ತಿಳಿಸಲೇಬೇಕು. ಆದರೆ ತಿಳಿಸಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಎಂಬ ವ್ಯವಸ್ಥೆಯಲ್ಲಿ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ. ಪಾಸಿಟಿವ್ ಹಸುವನ್ನು ಮಾರದೆ, ಬೇರೆ ಕಟ್ಟಿ, ಹಾಲು ಕಾಯಿಸಿಯೇ ಬಳಸುತ್ತ ಉಳಿಸಿಕೊಳ್ಳುವವರಿಗೆ ಹಾಲು ಒಕ್ಕೂಟಗಳೂ ಸರ್ಕಾರವೂ ಸೇರಿ ಮೇವಿನ ನೆರವನ್ನೋ ಬದಲಿ ಕಡಸಿಗೆ ಸಾಲವನ್ನೋ ಕೊಡುವ ಬಗೆ ಯೋಚಿಸಲಿ.

ಇಲಾಖೆ ಮುಂದಿನ ಸಲ ಪ್ರಮಾಣ ಪ್ರಕಟಿಸುವಾಗ ಒಂದು ಶೇಕಡಾವಾರಿನ ಬದಲು ತಾಲ್ಲೂಕುವಾರು ಈ ಆರನ್ನು ಕೊಡಲಿ ಎಂದು ವಿನಂತಿ: ಎಷ್ಟು ಊರು, ಎಷ್ಟು ಕೊಟ್ಟಿಗೆ, ಎಷ್ಟು ರಾಸು, ಯಾವ ಪರೀಕ್ಷೆ, ಖಚಿತಪಡಿಸಿದ ಎರಡನೇ ಪರೀಕ್ಷೆ ಯಾವುದು, ಅವುಗಳಲ್ಲಿ ಲಸಿಕೆ ಪಡೆದವು ಎಷ್ಟು, ಯಾವ ವಯಸ್ಸಿನಲ್ಲಿ. ದನ ಮತ್ತು ಎಮ್ಮೆಯ ಅಂಕಿಗಳು ಬೇರೆಬೇರೆ ಇರಲಿ. ಎಮ್ಮೆಗಳಿಗೆ ಇಂದಿಗೂ ಹಲವೆಡೆ ಊರಿನ ಕೋಣವನ್ನೇ ಬಿಡುವುದರಿಂದ ಆ ಕೋಣಗಳ ಪರೀಕ್ಷೆಯ ಪಟ್ಟಿಯೂ ಜತೆಗಿರಬೇಕು.

ಇತಿ,
ಪಶುವೈದ್ಯರು ಹಾಗೂ ರೋಗ ತಪಾಸಣಾ ಪ್ರಯೋಗಾಲಯಗಳ ತಂತ್ರಜ್ಞರ ಒಂದು ಗುಂಪು